ಮಳೆ ಬಂದರೂ ಬರುವವರ ಲೆಕ್ಕ



ಈ ಸಲದ ಸಂಪಾದಕೀಯ ಒಂದು ತಪ್ಪೊಪ್ಪಿಗೆ. ಸರ್ಕಾರದ ಕಡೆಗೆ, ದೊಡ್ಡ ಕಂಪನಿಗಳ ಕಡೆಗೆ, ‘ನಮ್ಮ ಜನ’ ಎಂಬ ಯಾರಿಗೂ ಸೇರದ ಗುಂಪಿನ ಕಡೆಗೆ ಬೊಟ್ಟು ಮಾಡಿ ಬರೆಯುವುದು ಸುಲಭ. ಇದೇ ಜಾಗದಲ್ಲಿ ಅದನ್ನು ಸಾಕಷ್ಟು ಸಲ ಮಾಡಿದ್ದೇವೆ. ಇವತ್ತು ಬೊಟ್ಟು ನನ್ನ ಕಡೆಗೇ ತಿರುಗಿದೆ. ವಿಷಯ ಸಬ್ಬಸಿಗೆ ಸೊಪ್ಪು. ನಗಬೇಡಿ, ಕೊನೆಯವರೆಗೂ ಓದಿ.

ಕಳೆದ ವರ್ಷ ಗಣೇಶನ ಹಬ್ಬದ ಊಟಕ್ಕೆ ಆಕ್ಲೆಂಡಿನ ದಕ್ಷಿಣದ ಒಂದು ಬಾಡಿಗೆ ಹಾಲಿನಲ್ಲಿ ನಾವೆಲ್ಲ ಸೇರಿದ್ದೆವು. ಎಲೆ ಮುಂದೆ ಕೂತ ಮೇಲೆ ಮಾತು ಎಂದಿನಂತೆ ಊರಿನ ತರಕಾರಿಗೆ ಹೊರಳಿತು. “ಇಲ್ಲಿ ಸೊಪ್ಪು ಅಂದ್ರೆ ಅಲಂಕಾರಕ್ಕೆ ರೀ, ಊಟಕ್ಕಲ್ಲ” ಎಂದರು ಒಬ್ಬರು. ನಿಜವೇ. ಸೂಪರ್‌ಮಾರ್ಕೆಟ್‌ನಲ್ಲಿ ಸಬ್ಬಸಿಗೆ ಸಿಗುತ್ತದೆ. ಗೇಣುದ್ದದ ನಾಲ್ಕು ಕಡ್ಡಿಗಳನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಲಗಿಸಿ, ಮೀನಿನ ಮೇಲೆ ಉದುರಿಸಿಕೊಳ್ಳಲೆಂದು ಮಾರುತ್ತಾರೆ. ಅದರಲ್ಲಿ ಒಂದು ಮನೆಗೆ ಸಾಲುವಷ್ಟು ಅಕ್ಕಿರೊಟ್ಟಿ ತಟ್ಟಬೇಕಾದರೆ ಗಾಡಿ ತುಂಬ ಪೊಟ್ಟಣ ಬೇಕು.

ಆಗ ನಾನು ಎದ್ದು ನಿಂತು ಒಂದು ಸಲಹೆ ಕೊಟ್ಟೆ. ನಮ್ಮ ಬಡಾವಣೆಯ ಹತ್ತಿರ ಶನಿವಾರ ಬೆಳಿಗ್ಗೆ ಒಂದು ಫಾರ್ಮರ್ಸ್ ಮಾರ್ಕೆಟ್, ನಮ್ಮ ಮಾತಿನಲ್ಲಿ ರೈತರ ಸಂತೆ, ನಡೆಯುತ್ತದೆ. ಅಲ್ಲಿಗೆ ಬರುವ ಒಬ್ಬ ಬೆಳೆಗಾರರ ಪರಿಚಯ ನನಗಿದೆ. ಇಷ್ಟು ಮನೆಯವರು ಕೊಳ್ಳುತ್ತೇವೆ ಎಂದು ಗಟ್ಟಿಯಾಗಿ ಹೇಳಿದರೆ ಅವರು ಸಬ್ಬಸಿಗೆ ಬಿತ್ತಬಹುದು. ಯಾರು ಯಾರು ಕೊಳ್ಳುತ್ತೀರಿ? 34 ಮನೆಯವರು ಕೈ ಎತ್ತಿದರು. ಮನೆಗೆ ವಾರಕ್ಕೆ ಎರಡು ಕಟ್ಟು, ಮೂರು ವಾರ, ಕಟ್ಟಿಗೆ ಮೂರು ಡಾಲರ್. ಒಟ್ಟು 204 ಕಟ್ಟು, 612 ಡಾಲರ್. ಎಂಜಿನಿಯರ್ ಬುದ್ಧಿ, ಲೆಕ್ಕವೆಲ್ಲ ಅಲ್ಲೇ ಕಾಗದದ ಕರವಸ್ತ್ರದ ಮೇಲೆ ಆಯಿತು.

ಮರುದಿನವೇ ಹೋಗಿ ಕೇಳಿದೆ. ಅವರ ಅಜ್ಜ ಗುಜರಾತಿನಿಂದ ಬಂದು ಇಲ್ಲಿ ತರಕಾರಿ ಬೆಳೆಯಲು ಶುರುಮಾಡಿದವರು. ಸಬ್ಬಸಿಗೆ ಎಂದ ಕೂಡಲೇ ಅವರ ಮುಖ ಅರಳಿತು. “ನಮ್ಮಜ್ಜಿ ಇದಕ್ಕೆ ಸುವಾ ಅನ್ನುತ್ತಿದ್ದರು. ಇಷ್ಟು ವರ್ಷದಲ್ಲಿ ಇದನ್ನು ಕಟ್ಟುಗಟ್ಟಲೆ ಕೇಳಿದವರು ನೀವೇ ಮೊದಲು” ಎಂದರು. ಕೋಸಿಗೆ ಎಂದು ಹದ ಮಾಡಿಟ್ಟಿದ್ದ ಜಾಗದಲ್ಲಿ ಆರು ಪಾತಿ ಸಬ್ಬಸಿಗೆ ಬಿತ್ತಿದರು. ಇಲ್ಲಿ ಅದು ವಸಂತಕಾಲ. ನವೆಂಬರ್ ಹೊತ್ತಿಗೆ ಸೊಪ್ಪು ಮೊಳಕಾಲೆತ್ತರ ಬೆಳೆದು ನಿಂತಿತು.

ಮೊದಲ ಶನಿವಾರ 11 ಮನೆಯವರು ಬಂದರು. ಎರಡನೆಯ ಶನಿವಾರ ನಾಲ್ವರು. ಮೂರನೆಯ ಶನಿವಾರ ಬೆಳಿಗ್ಗೆಯಿಂದ ಮಳೆ. ಬಂದವರು ಮೂವರು. ಆ ಮೂವರಲ್ಲಿ ನಾನಿರಲಿಲ್ಲ.

ಅಂದು ಸಂಜೆ ನಮ್ಮ ರಾಜ್ಯೋತ್ಸವ. ಅಡುಗೆಯಲ್ಲಿ ಅಕ್ಕಿರೊಟ್ಟಿಯೂ ಇತ್ತು. ಮಧ್ಯಾಹ್ನ ಮಳೆ ನಿಂತ ಮೇಲೆ ಸೂಪರ್‌ಮಾರ್ಕೆಟ್‌ಗೆ ಓಡಿ, ಅಲ್ಲಿದ್ದ ಸಬ್ಬಸಿಗೆ ಪೊಟ್ಟಣಗಳನ್ನೆಲ್ಲ ಬಾಚಿಕೊಂಡು ಬಂದವನು ನಾನೇ. ನಾಲ್ಕೇ ಮೈಲಿ ಆಚೆ ನಾನೇ ಕೇಳಿ ಬಿತ್ತಿಸಿದ ಸೊಪ್ಪು ನೆನೆಯುತ್ತ ನಿಂತಿತ್ತು. ವೇದಿಕೆಯ ಮೇಲೆ ನಿಂತು ನಾಡಿನ ಬಗ್ಗೆ ಏರುದನಿಯಲ್ಲಿ ಮಾತಾಡಿ ಕೆಳಗಿಳಿದಾಗ ಅಡುಗೆಮನೆಯ ಕಸದಬುಟ್ಟಿಯಲ್ಲಿ ಆ ಪ್ಲಾಸ್ಟಿಕ್ ಪೊಟ್ಟಣಗಳು ಕಂಡವು. ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

204 ಕಟ್ಟಿಗೆ ಮಾತು ಕೊಟ್ಟಿದ್ದೆವು. ಕೊಂಡದ್ದು 36. ಉಳಿದದ್ದರಲ್ಲಿ ಬೇರೆ ಗಿರಾಕಿಗಳು ತೆಗೆದುಕೊಂಡದ್ದು ಬೆರಳೆಣಿಕೆಯಷ್ಟು. ಸಬ್ಬಸಿಗೆ ಕಾಯುವ ಸೊಪ್ಪಲ್ಲ. ಹಗಲು ಉದ್ದವಾಗುತ್ತಿದ್ದಂತೆ ಹೂವಿಗೆ ಬಂದುಬಿಟ್ಟಿತು. ಅವರು ಟ್ರ್ಯಾಕ್ಟರ್ ಹತ್ತಿ ಪಾತಿಗಳನ್ನು ಉತ್ತು ಮುಚ್ಚಿದರು. ಸುಮಾರು ಐನೂರು ಡಾಲರ್ ನಷ್ಟ. ನಮ್ಮಲ್ಲಿ ಹಲವರಿಗೆ ಅದು ಒಂದು ದಿನದ ಸಂಬಳ. ಅವರಿಗೆ ಅದು ಎರಡು ತಿಂಗಳು ಒಂದು ತುಂಡು ನೆಲವನ್ನು ನಮ್ಮ ಮಾತಿನ ಮೇಲೆ ಕಟ್ಟಿಹಾಕಿದ ಬೆಲೆ.

ಎರಡು ವಾರ ಅತ್ತ ತಲೆ ಹಾಕಲಿಲ್ಲ. ಆಮೇಲೆ ಧೈರ್ಯ ಮಾಡಿ ಹೋಗಿ ಕ್ಷಮೆ ಕೇಳಿದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ, ಬಯ್ಯಲಿಲ್ಲ. ಈರುಳ್ಳಿ ತೂಗುತ್ತಲೇ ಅಂದರು: “ನೀವು ಕೊಟ್ಟ ಲೆಕ್ಕ ಬಿಸಿಲಿನ ದಿನದ ಲೆಕ್ಕ. ಮುಂದಿನ ಸಲ ಮಳೆ ಬಂದರೂ ಬರುವವರ ಲೆಕ್ಕ ಕೊಡಿ. ನಾನು ಅಷ್ಟೇ ಬಿತ್ತುತ್ತೇನೆ.”

ಬಂಧುಗಳೇ, ನ್ಯೂಜಿಲೆಂಡಿನ ರೈತರ ಸಂತೆಗಳನ್ನು ಹೇಗೆ ಬೆಳೆಸಬೇಕು ಎಂಬ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಹೆಚ್ಚು ಡೇರೆ ಬೇಕು, ಪಾರ್ಕಿಂಗ್ ಬೇಕು, ಕಾಫಿ ಅಂಗಡಿ ಬೇಕು, ಹಾಡುವವರು ಬೇಕು ಎಂದು ಎಲ್ಲರೂ ಹೇಳುತ್ತಾರೆ. ಇವೆಲ್ಲ ಇರಲಿ. ಆದರೆ ಸಂತೆ ನಿಲ್ಲುವುದು ಮಳೆ ಬಂದರೂ ಬರುವ ಗಿರಾಕಿಯ ಮೇಲೆ.

ಈ ಸಂತೆಗಳು ಏನು, ಅವು ಏಕೆ ಉಳಿಯಬೇಕು ಎಂಬುದನ್ನು ಸ್ವಲ್ಪ ನೋಡೋಣ.

ಇಲ್ಲಿ ‘ಮಾರ್ಕೆಟ್’ ಎಂಬ ಹೆಸರಿನಲ್ಲಿ ನಡೆಯುವುದೆಲ್ಲ ರೈತರ ಸಂತೆಯಲ್ಲ. ಸಗಟು ವ್ಯಾಪಾರಿಗಳಿಂದ ಕೊಂಡು ತಂದು ಮಾರುವ ಕಡೆಯೂ ಇದೆ, ಬಟ್ಟೆಬರೆ ಆಟಿಕೆಗಳ ನಡುವೆ ತರಕಾರಿ ಮಾರುವ ಕಡೆಯೂ ಇದೆ. ಅವು ತಪ್ಪಲ್ಲ. ಒಟಾರಾದ ಶನಿವಾರದ ಮಾರುಕಟ್ಟೆಗೆ ದಶಕಗಳ ಹೆಸರಿದೆ. ಕೈಯಲ್ಲಿ ಕಾಸು ಕಡಿಮೆ ಇದ್ದಾಗ ಅಂಥ ಕಡೆಯೇ ನಮ್ಮಲ್ಲಿ ಎಷ್ಟೋ ಜನ ಹೊಟ್ಟೆ ತುಂಬಿಸಿಕೊಂಡಿದ್ದೇವೆ. ಆದರೆ ಫಾರ್ಮರ್ಸ್ ಮಾರ್ಕೆಟ್ ಎಂಬುದಕ್ಕೆ ಅದರದೇ ಕಟ್ಟುಪಾಡು ಇದೆ. ಅಲ್ಲಿ ಮಾರುವುದು ಆಹಾರ ಪದಾರ್ಥ ಮಾತ್ರ. ಅದು ಆ ಪ್ರದೇಶದಲ್ಲೇ ಬೆಳೆದದ್ದು ಅಥವಾ ತಯಾರಾದದ್ದು ಆಗಿರಬೇಕು. ಬೆಳೆದವರು ಅಥವಾ ಅದರ ಕೆಲಸದಲ್ಲಿ ಕೈಯಿಟ್ಟವರೇ ಮಾರಬೇಕು, ನಡುವೆ ದಲ್ಲಾಳಿ ಇರಕೂಡದು. ಹೊಸ ಕಾಲದ ಇಂಥ ಸಂತೆಗಳಲ್ಲಿ ಫಾಂಗರೈಯದ್ದು 1998ರಲ್ಲಿ ಶುರುವಾಯಿತು. ಹೇಸ್ಟಿಂಗ್ಸ್‌ನಲ್ಲಿ ಹಾಕ್ಸ್ ಬೇ ಸಂತೆ 2000ದಲ್ಲಿ ಬಂತು. ಡನೀಡನ್‌ನ ರೈಲು ನಿಲ್ದಾಣದ ಪಕ್ಕ ಒಟಾಗೋ ಸಂತೆ 2003ರಿಂದ ಶನಿವಾರ ಬೆಳಗಿನ ವಾಡಿಕೆಯೇ ಆಗಿಬಿಟ್ಟಿದೆ. ಬೇಸಿಗೆಯಲ್ಲಿ ಅಲ್ಲಿಗೆ ಸೆಂಟ್ರಲ್ ಒಟಾಗೋದ ಚೆರ್ರಿ, ಏಪ್ರಿಕಾಟ್ ಹಣ್ಣು ಬರುವ ದಿನಗಳಲ್ಲಿ ಹೋಗಿ ನೋಡಿ, ನಿಮಗೆ ನಿಮ್ಮೂರ ಸಂತೆ ನೆನಪಾಗದಿದ್ದರೆ ಕೇಳಿ.

ಇವು ಏಕೆ ಬೇಕು? ನೀವು ದಿನಸಿ ಎಲ್ಲಿ ತರುತ್ತೀರಿ, ನೆನಪಿಸಿಕೊಳ್ಳಿ. ಬೋರ್ಡು ಹಸಿರಿರಲಿ, ಹಳದಿಯಿರಲಿ, ಕೊನೆಗೆ ಎರಡೇ ಗುಂಪುಗಳು: ವೂಲ್‌ವರ್ತ್ಸ್ ಮತ್ತು ಫುಡ್‌ಸ್ಟಫ್ಸ್. ಇಲ್ಲಿಯ ವಾಣಿಜ್ಯ ಆಯೋಗ ದಿನಸಿ ಮಾರುಕಟ್ಟೆಯನ್ನು ತನಿಖೆ ಮಾಡಿ 2022ರ ಮಾರ್ಚ್‌ನಲ್ಲಿ ಕೊಟ್ಟ ವರದಿ, ಈ ವ್ಯಾಪಾರದಲ್ಲಿ ಪೈಪೋಟಿ ಸರಿಯಾಗಿ ನಡೆಯುತ್ತಿಲ್ಲ ಎಂದು ಹೇಳಿತು. ದೊಡ್ಡ ಅಂಗಡಿ ಜಾಲಗಳು ದಿನಕ್ಕೆ ಹತ್ತು ಲಕ್ಷ ಡಾಲರ್‌ಗೂ ಮೀರಿ ಹೆಚ್ಚುವರಿ ಲಾಭ ಮಾಡುತ್ತಿವೆ ಎಂದು ಅಂದಾಜು ಹಾಕಿತು. 2023ರಲ್ಲಿ ಇದಕ್ಕೆಂದೇ ಹೊಸ ಕಾಯ್ದೆ ಬಂತು, ಒಬ್ಬ ದಿನಸಿ ಆಯುಕ್ತರೂ ಬಂದರು. ಕಾಯ್ದೆ ತನ್ನ ಕೆಲಸ ಮಾಡಲಿ. ಆದರೆ ಕೊಳ್ಳುವವರು ಇಬ್ಬರೇ ಇರುವ ಕಡೆ ಬೆಳೆಗಾರನ ಮಾತಿಗೆ ಎಷ್ಟು ಬೆಲೆ ಇರುತ್ತದೆ ಎಂಬುದನ್ನು ಊರಲ್ಲಿ ರೈತರ ಮಕ್ಕಳಾಗಿ ಹುಟ್ಟಿದ ನಮಗೆ ಯಾರೂ ವಿವರಿಸಬೇಕಾಗಿಲ್ಲ. ರೈತರ ಸಂತೆ ಅವನಿಗೆ ಮೂರನೆಯ ಬಾಗಿಲು. ಸಣ್ಣದು, ಆದರೆ ಅವನದೇ.

ಎರಡನೆಯದು ನೆಲದ ಪ್ರಶ್ನೆ. ಆಕ್ಲೆಂಡಿನಿಂದ ದಕ್ಷಿಣಕ್ಕೆ ಹೆದ್ದಾರಿಯಲ್ಲಿ ಹೊರಟರೆ ‘ಬಾಂಬೆ’ ಎಂಬ ಊರು ಸಿಗುತ್ತದೆ. 1860ರ ದಶಕದಲ್ಲಿ ವಲಸಿಗರನ್ನು ಹೊತ್ತು ತಂದ ಹಡಗಿನ ಹೆಸರು ಅದು. ಅಲ್ಲಿಂದ ಬಲಕ್ಕೆ ತಿರುಗಿದರೆ ಪುಕೆಕೊಹೆ. ಜ್ವಾಲಾಮುಖಿಯ ಕೆಂಪು ಮಣ್ಣು, ನಮ್ಮ ಕೋಲಾರದ ಕಡೆಯ ಹೊಲ ಕಂಡಂತೆಯೇ ಕಾಣುತ್ತದೆ. 2018ರಲ್ಲಿ ಡಿಲಾಯ್ಟ್ ಸಂಸ್ಥೆ ಮಾಡಿದ ಅಧ್ಯಯನದ ಪ್ರಕಾರ ಈ ಭಾಗದ 4,359 ಹೆಕ್ಟೇರ್, ದೇಶದಲ್ಲಿ ಹಣ್ಣು ತರಕಾರಿ ಬೆಳೆಯುವ ಭೂಮಿಯ ಶೇಕಡ 3.8 ಮಾತ್ರ. ಆದರೆ ದೇಶದೊಳಗಿನ ತರಕಾರಿ ಉತ್ಪಾದನೆಯ ಮೌಲ್ಯದಲ್ಲಿ ಶೇಕಡ 26ರಷ್ಟು ಇಲ್ಲಿಂದಲೇ ಬರುತ್ತದೆ. ಇದೇ ಮಣ್ಣಿನ ಅಂಚಿನಲ್ಲಿ ಬಡಾವಣೆಗಳು ಏಳುತ್ತಿವೆ. ಫಲವತ್ತಾದ ಭೂಮಿಯನ್ನು ಉಳಿಸಲು 2022ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ನೀತಿಯೊಂದು ಜಾರಿಗೆ ಬಂತು. ಮುಂದೆ ಬಂದ ಸರ್ಕಾರ ಮನೆಗಳಿಗೆ ಜಾಗ ಬೇಕು ಎಂದು ಅದರ ಬಿಗಿಯನ್ನು ಸಡಿಲಿಸಲು ಹೊರಟಿತು.

ಇಲ್ಲಿ ನಾವು ಬರೀ ನೋಡುತ್ತ ನಿಂತವರಲ್ಲ. ಆ ಬಡಾವಣೆಗಳಲ್ಲಿ ಮನೆ ಕೊಳ್ಳುವವರು ಯಾರು? ನಾವೇ. ನನ್ನ ಮನೆಯ ಹಿತ್ತಲು ಅಗೆದಾಗ ಮಗಳಿಗೆ ಒಂದು ಹಳೆಯ ನೀರಾವರಿ ಪೈಪಿನ ತುಂಡು ಸಿಕ್ಕಿತು. ನಾನು ಗೃಹಪ್ರವೇಶ ಮಾಡಿದ್ದು ಯಾರದೋ ಈರುಳ್ಳಿ ಹೊಲದ ಮೇಲೆ. ಮನೆ ಬೇಡ ಎನ್ನುವ ಹಕ್ಕು ನನಗಿಲ್ಲ. ಆದರೆ ಉಳಿದ ಹೊಲ ಉಳಿಯಬೇಕಾದರೆ ಅದರಲ್ಲಿ ಬೆಳೆದವನಿಗೆ ಲಾಭ ಸಿಗಬೇಕು. ಲಾಭವಿಲ್ಲದ ಹೊಲವನ್ನು ಯಾವ ನೀತಿಯೂ ಹೆಚ್ಚು ದಿನ ಕಾಯಲಾರದು. ಬೆಂಗಳೂರಿನ ಸುತ್ತಲಿನ ದ್ರಾಕ್ಷಿ ತೋಟಗಳು ಏನಾದವು ಎಂದು ನಮಗೆ ಗೊತ್ತಿಲ್ಲವೇ?

ಇದೇ ಪುಕೆಕೊಹೆಗೆ ಇನ್ನೊಂದು ಚರಿತ್ರೆ ಇದೆ. ಅದನ್ನೂ ನಾವು ತಿಳಿದಿರಬೇಕು. 1920ರ ದಶಕದಲ್ಲಿ ಇಲ್ಲಿ ಗುಜರಾತಿ, ಪಂಜಾಬಿ ಮತ್ತು ಚೀನೀ ಬೆಳೆಗಾರರು ಗುತ್ತಿಗೆ ನೆಲದಲ್ಲಿ ತರಕಾರಿ ಬೆಳೆಯುತ್ತಿದ್ದಾಗ, ಅವರನ್ನು ಹೊರಗಿಡಬೇಕು ಎಂದು ‘ವೈಟ್ ನ್ಯೂಜಿಲೆಂಡ್ ಲೀಗ್’ ಎಂಬ ಸಂಘ ಹುಟ್ಟಿದ್ದು ಈ ಊರಲ್ಲೇ. ಅಂಥ ವಿರೋಧವನ್ನು ಎದುರಿಸಲು ಚದುರಿ ಹೋಗಿದ್ದ ಭಾರತೀಯರು ಒಂದಾಗಿ 1926ರಲ್ಲಿ ತಮ್ಮ ಕೇಂದ್ರ ಸಂಘವನ್ನು ಕಟ್ಟಿದರು. ಆ ಬೆಳೆಗಾರರು ಅಂದು ಹೆದರಿ ನೆಲ ಬಿಟ್ಟಿದ್ದರೆ ಇಂದು ನನಗೆ ‘ಸುವಾ’ ಎಂದವರು ಆ ಸಂತೆಯಲ್ಲಿ ಇರುತ್ತಿರಲಿಲ್ಲ. ಅಷ್ಟೆಲ್ಲ ದಾಟಿ ಬಂದ ಮನೆತನದವರ ಪಾತಿಯನ್ನು ಕೊನೆಗೆ ಉತ್ತು ಮುಚ್ಚಿಸಿದ್ದು ಯಾವ ಲೀಗೂ ಅಲ್ಲ, 34 ಕನ್ನಡ ಮನೆಗಳು.

‘ಲೋಕಲ್ ಆಹಾರ’ ಎಂದ ಕೂಡಲೇ ಕೆಲವರು ಫುಡ್ ಮೈಲ್ಸ್ ಲೆಕ್ಕ ತೆಗೆಯುತ್ತಾರೆ. ಹತ್ತಿರದಲ್ಲಿ ಬೆಳೆದದ್ದೇ ಪರಿಸರಕ್ಕೆ ಒಳ್ಳೆಯದು ಎಂಬುದು ಯಾವಾಗಲೂ ನಿಜವಲ್ಲ. 2006ರಲ್ಲಿ ಇಲ್ಲಿಯ ಲಿಂಕನ್ ವಿಶ್ವವಿದ್ಯಾಲಯದ ಅಧ್ಯಯನವೇ, ಇಲ್ಲಿಂದ ಹಡಗಿನಲ್ಲಿ ಇಂಗ್ಲೆಂಡಿಗೆ ಹೋದ ಕುರಿಮಾಂಸ, ಹಾಲಿನ ಪದಾರ್ಥಗಳಿಗೆ ಅಲ್ಲೇ ತಯಾರಾದದ್ದಕ್ಕಿಂತ ಕಡಿಮೆ ಶಕ್ತಿ ಖರ್ಚಾಗುತ್ತದೆ ಎಂದು ತೋರಿಸಿತು. ಆದ್ದರಿಂದ ನಾನು ಆ ವಾದಕ್ಕೆ ಹೋಗುವುದಿಲ್ಲ. ನನ್ನ ವಾದ ಸರಳ. 2023ರ ಫೆಬ್ರವರಿಯಲ್ಲಿ ಗೇಬ್ರಿಯಲ್ ಚಂಡಮಾರುತ ಬಂದಾಗ ಹಾಕ್ಸ್ ಬೇಯ ತೋಟಗಳು ಹೂಳಿನಲ್ಲಿ ಮುಚ್ಚಿಹೋದವು, ಉತ್ತರದ ಗೆಣಸಿನ ಹೊಲಗಳು ನೀರಲ್ಲಿ ನಿಂತವು, ಗೆಣಸಿನ ಬೆಲೆ ಕೇಳುವ ಹಾಗಿರಲಿಲ್ಲ. ನಮ್ಮ ಊಟ ಕೆಲವೇ ಜಾಗಗಳ, ಕೆಲವೇ ಜನರ ಮೇಲೆ ನಿಂತಿದೆ. ಆ ಜನರ ಮುಖ ಗೊತ್ತಿರುವುದು ಒಳ್ಳೆಯದು. ಅವರಿಗೂ ನಮ್ಮ ಮುಖ ಗೊತ್ತಿರಬೇಕು.

ನಮ್ಮ ನಾಡಿಗೆ ಇದು ಹೊಸ ಪಾಠವೇನಲ್ಲ. 1959ರಲ್ಲಿ ತೋಟಗಾರಿಕೆ ಇಲಾಖೆಯ ಎಂ. ಎಚ್. ಮರಿಗೌಡರ ಮುತುವರ್ಜಿಯಿಂದ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಒಂದು ಸಹಕಾರ ಸಂಘ ಕಟ್ಟಿಕೊಂಡರು. ಮುಂದೆ ಅದೇ ಹಾಪ್‌ಕಾಮ್ಸ್ ಆಯಿತು. ನಮ್ಮಲ್ಲಿ ಎಷ್ಟೋ ಜನ ಅಮ್ಮ ಕೊಟ್ಟ ಚೀಲ ಹಿಡಿದು ಆ ಮಳಿಗೆಗಳ ಮುಂದೆ ನಿಂತವರೇ. ಬೋರ್ಡಿನ ಮೇಲೆ ಅಂದಿನ ದರ, ಸರಿಯಾದ ತೂಕ, ಚೌಕಾಸಿ ಇಲ್ಲ. ರೈತನಿಗೂ ಮೋಸವಿಲ್ಲ, ಕೊಂಡವರಿಗೂ ಮೋಸವಿಲ್ಲ ಎಂಬ ನಂಬಿಕೆಯೇ ಅದರ ಬಂಡವಾಳ. ಈಗ ಅದೇ ಹಾಪ್‌ಕಾಮ್ಸ್ ಸೂಪರ್‌ಮಾರ್ಕೆಟ್‌ಗಳ, ಮನೆ ಬಾಗಿಲಿಗೆ ತಂದುಕೊಡುವ ಆ್ಯಪ್‌ಗಳ ಮುಂದೆ ಏದುಸಿರು ಬಿಡುತ್ತಿದೆ. ಅಂಥ ಆ್ಯಪ್‌ಗಳ ತಂತ್ರಾಂಶ ಬರೆಯುವವರೂ ನಮ್ಮಂಥವರೇ ಎಂಬುದನ್ನು ಮರೆಯದಿರೋಣ. ರೈತರದೇ ಅಂಗಡಿಯನ್ನು ಯಾರೂ ಬಲವಂತದಿಂದ ಮುಚ್ಚಿಸಬೇಕಾಗಿಲ್ಲ. ಗಿರಾಕಿ ಬರುವುದನ್ನು ನಿಲ್ಲಿಸಿದರೆ ಸಾಕು.

ಹಾಗಾದರೆ ಮಾಡಬೇಕಾದ್ದೇನು? “ಸಂತೆ ಹೊತ್ತಿಗೆ ಮೂರು ಮೊಳ ನೇಯ್ದರು” ಎಂಬ ಹಾಗೆ ಆಗಬಾರದು. ಆದ್ದರಿಂದ ನಮ್ಮ ಬಳಗದಲ್ಲಿ ಕೂತು ಮಾತಾಡಿ ಕೆಲವು ತೀರ್ಮಾನಗಳಿಗೆ ಬಂದಿದ್ದೇವೆ. ಇವು ಆಕ್ಲೆಂಡಿಗೆ ಮಾತ್ರವಲ್ಲ, ಹ್ಯಾಮಿಲ್ಟನ್, ವೆಲಿಂಗ್ಟನ್, ಕ್ರೈಸ್ಟ್‌ಚರ್ಚ್ ಅಥವಾ ನೀವು ಇರುವ ಯಾವ ದೇಶದ ಊರಿಗೂ ಹೊಂದುತ್ತವೆ.

1. ಮುಂಗಡ ಕೊಡೋಣ. ಕೈ ಎತ್ತುವುದಕ್ಕೆ ಖರ್ಚಿಲ್ಲ, ಅದಕ್ಕೇ ಅದಕ್ಕೆ ಬೆಲೆಯೂ ಇಲ್ಲ. ಈ ಸಲ ಮನೆಗೆ 36 ಡಾಲರ್ ಮುಂಗಡ, ಆರು ವಾರ, ವಾರಕ್ಕೆ ಎರಡು ಕಟ್ಟು. ಬಿತ್ತುವ ಮೊದಲೇ ಹಣ ಬೆಳೆಗಾರರ ಕೈಯಲ್ಲಿರುತ್ತದೆ. ನೀವು ಬಂದರೂ ಅವರದು, ಬರದಿದ್ದರೂ ಅವರದು. ಬರಲಾಗದ ವಾರ ಪಕ್ಕದ ಮನೆಯವರು ನಿಮ್ಮ ಕಟ್ಟು ತರಲಿ, ಮುಂದಿನ ವಾರ ನೀವು ಅವರದನ್ನು ತನ್ನಿ. ಹಳ್ಳಿಯಲ್ಲಿ ಇದನ್ನೇ ಮುಯ್ಯಾಳು ಎನ್ನುತ್ತಿದ್ದರು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಹೊಲ ಇಲ್ಲದಿದ್ದರೇನು, ಕಾರಿನ ಡಿಕ್ಕಿ ಇದೆಯಲ್ಲ!

2. ಹಬ್ಬದ ಕ್ಯಾಲೆಂಡರನ್ನು ಇಲ್ಲಿಯ ಹೊಲದ ಕ್ಯಾಲೆಂಡರಿಗೆ ಹೊಂದಿಸೋಣ. ನಮ್ಮ ಪಂಚಾಂಗ ಉತ್ತರಾರ್ಧಗೋಳದ್ದು, ಇಲ್ಲಿಯ ಋತು ತಲೆಕೆಳಗು. ಸಂಕ್ರಾಂತಿಗೆ ಅವರೆಕಾಯಿ ಬೇಕು ಎಂದು ಹಟ ಹಿಡಿದರೆ ಆಗದು, ಜನವರಿ ಇಲ್ಲಿ ನಡು ಬೇಸಿಗೆ. ಹಗಲು ಚಿಕ್ಕದಾದ ಮೇಲಷ್ಟೇ ಹೂಬಿಡುವ ನಾಟಿ ಅವರೆ ಇಲ್ಲಿ ಕಾಯಿ ಕಟ್ಟಬೇಕಾದರೆ ಯುಗಾದಿಯ ಆಸುಪಾಸು ದಾಟಬೇಕು. ಹಗಲಿನ ಉದ್ದವನ್ನು ಲೆಕ್ಕಿಸದ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ‘ಹೆಬ್ಬಾಳ ಅವರೆ’ ಎಂಬ ಹೆಸರಿನಲ್ಲಿ ಎಂದೋ ಹೊರತಂದಿದೆ. ಅದಕ್ಕೆ ವಿರುದ್ಧವಾಗಿ ನವಿಲುಕೋಸು, ಮೂಲಂಗಿ, ಬೀಟ್‌ರೂಟ್, ಮೆಂತ್ಯ, ಸಬ್ಬಸಿಗೆಗೆ ಇಲ್ಲಿಯ ತಂಪು ಬಲು ಹಿತ. ಸೀಮೆಬದನೆಕಾಯಂತೂ ಆಕ್ಲೆಂಡಿನ ಬೇಲಿಗಳ ಮೇಲೆ ಕೇಳುವವರಿಲ್ಲದೆ ಜೋತುಬೀಳುತ್ತದೆ. ಇಲ್ಲಿಯವರು ಅದನ್ನು ಚೋಕೋ ಎನ್ನುತ್ತಾರೆ. ಯಾವುದನ್ನು ಯಾವಾಗ ಬಿತ್ತಿದರೆ ಯಾವಾಗ ಕೈಗೆ ಬರುತ್ತದೆ ಎಂಬ ಒಂದು ಪಟ್ಟಿ ಮಾಡಿ ಬೆಳೆಗಾರರ ಜೊತೆ ಕೂತು ತಿದ್ದಿಸಬೇಕು. ಕಂಪ್ಯೂಟರ್ ಮುಂದೆ ದಿನವಿಡೀ ಕೂರುವ ನಮ್ಮಿಂದ ಇಷ್ಟಾದರೂ ಆಗಲಿ.

3. ಚೌಕಾಸಿ ಬೇಡ. ಸೂಪರ್‌ಮಾರ್ಕೆಟ್‌ನ ಯಂತ್ರದ ಮುಂದೆ ತುಟಿಪಿಟಕ್ಕೆನ್ನದೆ ಕಾರ್ಡ್ ತೋರಿಸುವ ನಾವು, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸೊಪ್ಪು ಕಿತ್ತು ತಂದವರ ಮುಂದೆ ಐವತ್ತು ಸೆಂಟಿಗೆ ಎಳೆದಾಡುತ್ತೇವೆ. ಕೊಸರು ಅವರಾಗಿ ಕೊಟ್ಟರೆ ಸಂತೋಷದಿಂದ ತೆಗೆದುಕೊಳ್ಳಿ. ಕೇಳಿ ಪಡೆದರೆ ಅದು ಕೊಸರಲ್ಲ, ಕಸರು. ಕೆಲವು ಪದಾರ್ಥ ಅಲ್ಲಿ ದುಬಾರಿ, ಒಪ್ಪುತ್ತೇನೆ. ಕೆಲವು ಅಗ್ಗವೂ ಹೌದು. ಕೈ ಬಿಗಿಯಿರುವ ಮನೆಯವರು ಎಲ್ಲವನ್ನೂ ಅಲ್ಲೇ ಕೊಳ್ಳಬೇಕಿಲ್ಲ. ಅನುಕೂಲ ಇರುವವರು ವಾರದ ಸೊಪ್ಪು ತರಕಾರಿಯನ್ನಾದರೂ ಅಲ್ಲಿ ಕೊಳ್ಳಲಿ.

4. ಗಿರಾಕಿಯಾಗಿ ಮಾತ್ರವಲ್ಲ, ಕೆಲಸಗಾರರಾಗಿಯೂ ಹೋಗೋಣ. ಇಂಥ ಸಂತೆಗಳು ಹೆಚ್ಚಾಗಿ ಸ್ವಯಂಸೇವಕರ ಬೆನ್ನ ಮೇಲೆ ನಡೆಯುತ್ತವೆ. ಬೆಳಿಗ್ಗೆ ಆರೂವರೆಗೆ ಡೇರೆ ಕಟ್ಟಲು ಜನ ಬೇಕು, ಮುಗಿದ ಮೇಲೆ ಬಿಚ್ಚಲು ಜನ ಬೇಕು. ಉಳಿದ ತರಕಾರಿಯನ್ನು ಹಸಿದವರಿಗೆ ಮುಟ್ಟಿಸುವ ಸಂಸ್ಥೆಗಳಿಗೆ ಸಾಗಿಸಲು ಜನ ಬೇಕು. ವೆಲಿಂಗ್ಟನ್‌ನ ಕೈಬಾಷ್ 2008ರಿಂದ ಆ ಕೆಲಸ ಮಾಡುತ್ತಿದೆ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು: ಸಬ್ಬಸಿಗೆಯನ್ನು ಸೊಪ್ಪಾಗಿ ತಿನ್ನುವುದನ್ನು ಉಳಿದವರಿಗೂ ಕಲಿಸೋಣ. ತಿಂಗಳಿಗೊಂದು ಸಲ ಆ ಡೇರೆಯ ಪಕ್ಕ ನಿಂತು, ಸಮಿತಿಯ ಒಪ್ಪಿಗೆ ಪಡೆದು, ಬಿಸಿ ಅಕ್ಕಿರೊಟ್ಟಿಯ ಒಂದು ತುಂಡನ್ನು ಬಂದವರ ಕೈಗೆ ಕೊಡೋಣ. ಮಾಡುವ ವಿಧಾನ ಬರೆದ ಚೀಟಿ ಹಂಚೋಣ. ಹನ್ನೆರಡು ಕನ್ನಡ ಮನೆಗಳಿಂದ ಬೆಳೆಗಾರ ಬದುಕಲಾರ. ಆ ಹನ್ನೆರಡು ಮನೆಯವರು ನೂರು ಮನೆಗೆ ರುಚಿ ಹತ್ತಿಸಿದರೆ ಬದುಕಿಯಾನು. ತರಕಾರಿಯ ಹೆಸರುಗಳನ್ನು ಇಂಗ್ಲಿಷ್, ಮಾವೋರಿಯ ಜೊತೆ ಕನ್ನಡದಲ್ಲೂ ಬರೆದಿಡಲು ಆ ಬೆಳೆಗಾರರು ಒಪ್ಪಿದ್ದಾರೆ. ಮಾತು ಉಳಿಯುವುದು ವೇದಿಕೆಯ ಮೇಲಲ್ಲ, ಹೀಗೆ ಕೊಟ್ಟು ಕೊಳ್ಳುವ ಕಡೆ.

5. ಕಾನೂನಿನ ಒಳಗೇ ಇರೋಣ. ಊರಿಂದ ಬರುವಾಗ ಪೆಟ್ಟಿಗೆಯಲ್ಲಿ ಬೀಜ ಬಚ್ಚಿಟ್ಟು ತರುವ ಚಾಳಿ ಬಿಡೋಣ. ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ ಎಂಬುದು ಸಣ್ಣ ಮಾತು. ಆ ಬೀಜದ ಜೊತೆ ಬಂದ ರೋಗ ಒಂದು ಕಣಿವೆಯ ಬೆಳೆಯನ್ನೇ ನುಂಗಬಹುದು. ಇಲ್ಲಿ ಅನುಮತಿ ಇರುವ ಬೀಜಗಳು ಇಲ್ಲಿಯ ಅಂಗಡಿಗಳಲ್ಲೇ ಸಿಗುತ್ತವೆ. ಚಟ್ನಿಪುಡಿ, ಉಪ್ಪಿನಕಾಯಿ ಮಾಡಿ ಮಾರುವ ಆಸೆ ಇರುವ ಅಕ್ಕ ತಂಗಿಯರೂ ನಮ್ಮಲ್ಲಿದ್ದಾರೆ. 2016ರ ಮಾರ್ಚ್‌ನಿಂದ ಜಾರಿಯಲ್ಲಿರುವ 2014ರ ಆಹಾರ ಕಾಯ್ದೆಯಡಿ ಅದಕ್ಕೆ ನೋಂದಣಿ ಬೇಕಾಗುತ್ತದೆ. ಮೊದಲು ನಿಮ್ಮ ಊರಿನ ಕೌನ್ಸಿಲ್‌ನಲ್ಲಿ ವಿಚಾರಿಸಿ. ಕಷ್ಟವೇನಲ್ಲ, ಫಾರ್ಮ್ ತುಂಬಲು ನಮ್ಮ ಬಳಗದವರು ಜೊತೆಗೆ ಕೂರುತ್ತಾರೆ. ಹಾಗೆಯೇ ಹೊಲವನ್ನು ಬಡಾವಣೆ ಮಾಡುವ ಯೋಜನೆಗಳಿಗೆ ಕೌನ್ಸಿಲ್ ಸಾರ್ವಜನಿಕರ ಅಭಿಪ್ರಾಯ ಕರೆದಾಗ ಎರಡು ಸಾಲು ಬರೆದು ಕಳಿಸೋಣ. ಅದಕ್ಕೆ ಓಟಿನ ಹಕ್ಕೂ ಬೇಕಿಲ್ಲ, ತಿನ್ನುವ ಬಾಯಿ ಇದ್ದರೆ ಸಾಕು.

ಈ ಐದರಲ್ಲಿ ಮೊದಲನೆಯದೇ ಎಲ್ಲಕ್ಕೂ ಬುನಾದಿ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ ನನಗೆ ಒಂದು ಪಾಠ ಚೆನ್ನಾಗಿ ನೆನಪಿದೆ: ಸೇತುವೆಯ ಬಲವನ್ನು ಅದರ ಮೇಲೆ ಏನೂ ಇಲ್ಲದ ದಿನ ಅಳೆಯುವುದಿಲ್ಲ, ಭಾರ ಬಿದ್ದ ದಿನ ಅಳೆಯುತ್ತಾರೆ. ತಂತ್ರಾಂಶವನ್ನೂ ಹಾಗೆಯೇ ಪರೀಕ್ಷೆ ಮಾಡುತ್ತೇವೆ. ಆದರೆ ನಮ್ಮ ಒಗ್ಗಟ್ಟನ್ನು ಮಾತ್ರ ಹಬ್ಬದ ಊಟದ ದಿನ ತಲೆ ಎಣಿಸಿ ಅಳೆಯುತ್ತೇವೆ. ಅವತ್ತು ಬಿಸಿಲೂ ಇರುತ್ತದೆ, ಊಟವೂ ಇರುತ್ತದೆ.

ಕಳೆದ ತಿಂಗಳು ಮತ್ತೆ ಆ ಬೆಳೆಗಾರರ ಬಳಿ ಹೋದೆ. ಕಳೆದ ಸಲದ ನಷ್ಟವನ್ನು ನಾವು ಕೆಲವರು ಸೇರಿಸಿ ಒಂದು ಲಕೋಟೆಯಲ್ಲಿ ಕೊಂಡುಹೋಗಿದ್ದೆವು. ಅವರು ತೆಗೆದುಕೊಳ್ಳಲಿಲ್ಲ. “ಹೊಲದಲ್ಲಿ ನಷ್ಟ ಹೊಸದಲ್ಲ. ಅದನ್ನು ಈ ವರ್ಷದ ಮುಂಗಡ ಅಂತ ಬರೆದುಕೊಳ್ಳಲಾ?” ಎಂದು ಕೇಳಿದರು. ಬರೆದುಕೊಳ್ಳಿ ಎಂದೆವು. ಆದರೂ ಈ ಸಲ ಅವರು ಬಿತ್ತುವುದು ಆರು ಪಾತಿಯಲ್ಲ, ಎರಡೇ ಪಾತಿ. ನಾವು ಕಳೆದುಕೊಂಡದ್ದು ಆ ನಾಲ್ಕು ಪಾತಿಗಳಷ್ಟು ನಂಬಿಕೆ. ಅದನ್ನು ಲಕೋಟೆಯಲ್ಲಿ ಹಾಕಿ ಮರಳಿಸಲಾಗದು. ಒಂದೊಂದು ಶನಿವಾರವಾಗಿ ತೀರಿಸಬೇಕು.

ಆದ್ದರಿಂದ ಈ ಗಣೇಶನ ಹಬ್ಬದ ಊಟದಲ್ಲಿ ನಾವು ಕೈ ಎತ್ತಿಸುವುದಿಲ್ಲ. ಒಂದು ಪುಸ್ತಕ ಇಟ್ಟಿರುತ್ತೇವೆ, ಪಕ್ಕದಲ್ಲಿ ಒಂದು ಡಬ್ಬಿ. ಹೆಸರು ಬರೆದು 36 ಡಾಲರ್ ಹಾಕಿ. ನಮಗೆ ಬೇಕಾಗಿರುವುದು ಹನ್ನೆರಡು ಮನೆಗಳು ಮಾತ್ರ. ಮೊದಲ ಹೆಸರು ನನ್ನದು, ಬರೆದಾಗಿದೆ. ಉಳಿದ ಹನ್ನೊಂದು ಜನ ಹೆಸರು ಬರೆಯುವ ಮೊದಲು ಒಮ್ಮೆ ಕಿಟಕಿಯಾಚೆ ನೋಡಿ. ಆಕ್ಲೆಂಡಿನ ಆಕಾಶ ನಿಮಗೆ ಗೊತ್ತೇ ಇದೆ. ಆ ಶನಿವಾರ ಮಳೆ ಬರುತ್ತದೆ ಎಂದೇ ಇಟ್ಟುಕೊಂಡು ಬರೆಯಿರಿ.

ಛತ್ರಿ ತರುವುದನ್ನು ಮರೆಯಬೇಡಿ. ಸಂತೆಯಲ್ಲಿ ಸಿಗೋಣ.

ಸಿರಿಗನ್ನಡಂ ಗೆಲ್ಗೆ!

ಸಂಪಾದಕ ಬಳಗದ ಪರವಾಗಿ,
ಆಕ್ಲೆಂಡ್